ದುಡಿದ ಕೂಲಿ ಕೈಗೆ ಬರದಿದ್ದರೆ

"ಮುಂದಿನ ಬಟವಾಡೆಗೆ ಸೇರಿಸಿ ಕೊಡ್ತೀನಿ, ಈಗ ಹೋಗು."

ಕಟ್ಟಡದ ಸೈಟಿರಲಿ, ಗಾರ್ಮೆಂಟ್ಸ್ ಇರಲಿ, ಹೋಟೆಲಿನ ಅಡುಗೆಮನೆಯಿರಲಿ, ಗಾಜಿನ ಕಟ್ಟಡದೊಳಗಿನ ಸಾಫ್ಟ್‌ವೇರ್ ಕಂಪನಿಯೇ ಇರಲಿ, ಸಂಬಳ ಮುಳುಗುವುದು ಇಂಥದೊಂದು ಮಾತಿನಿಂದ ಶುರುವಾಗುತ್ತದೆ. ಕೊಡುವುದಿಲ್ಲ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ಬಿಲ್ ಪಾಸಾಗಿಲ್ಲ, ಓನರ್ ಊರಲ್ಲಿಲ್ಲ, ಹಬ್ಬ ಮುಗೀಲಿ ಎನ್ನುತ್ತಾರೆ. ಅಷ್ಟರಲ್ಲಿ ಸೈಟಿನ ಕೆಲಸ ಮುಗಿಯುತ್ತದೆ, ಮೇಸ್ತ್ರಿಯ ಫೋನ್ ಸ್ವಿಚ್ ಆಫ್ ಆಗುತ್ತದೆ. ಬೆಂಗಳೂರಿಗೆ ದುಡಿಯಲು ಬಂದ ರಾಯಚೂರು, ಯಾದಗಿರಿಯ ಕುಟುಂಬ ಎರಡು ತಿಂಗಳ ಪಗಾರ ಬಿಟ್ಟು ಬಸ್ ಹತ್ತುತ್ತದೆ.

ಹೀಗೆ ಬಿಟ್ಟುಬಂದ ಹಣವನ್ನು ವಸೂಲಿ ಮಾಡಲು ಕಾನೂನಿನಲ್ಲಿ ದಾರಿಯಿದೆ. ಬಹಳ ಮಂದಿ ತಿಳಿದಿರುವುದಕ್ಕಿಂತ ಅದು ನೇರವೂ ಆಗಿದೆ. ವಕೀಲರೇ ಬೇಕೆಂದಿಲ್ಲ. ನೇಮಕಾತಿ ಪತ್ರ ಇಲ್ಲದಿದ್ದರೂ ಆಗುತ್ತದೆ. ಬೇಕಾಗಿರುವುದು ಎರಡು: ಕೆಲಸ ಮಾಡಿದ್ದಕ್ಕೆ ಏನಾದರೊಂದು ಗುರುತು, ಮತ್ತು ತಡಮಾಡದೆ ದೂರು ಕೊಡುವ ಮನಸ್ಸು. ಮಾಲೀಕರು ಗೆಲ್ಲುವುದು ಹೆಚ್ಚಾಗಿ ಕೂಲಿಯವರು ಕಾಯುತ್ತಾ ಕೂತಿದ್ದರಿಂದಲೇ.

ಕಾನೂನು ಈಗ ಎಲ್ಲಿದೆ

2025ರ ನವೆಂಬರ್ 21ರಿಂದ ದೇಶದಲ್ಲಿ ವೇತನ ಸಂಹಿತೆ 2019 ಜಾರಿಯಲ್ಲಿದೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, ಬೋನಸ್ ಕಾಯ್ದೆ, ಸಮಾನ ವೇತನ ಕಾಯ್ದೆ, ಈ ನಾಲ್ಕೂ ಇದರೊಳಗೆ ಸೇರಿಹೋಗಿವೆ. ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಸಂಘಟನೆಗಳಿಗೆ ಹಲವು ತಕರಾರುಗಳಿವೆ. ಅವುಗಳಲ್ಲಿ ಕೆಲವಕ್ಕೆ ಗಟ್ಟಿ ಕಾರಣಗಳೂ ಇವೆ. ಆದರೆ ಬಾಕಿ ವಸೂಲಿಯ ಮಟ್ಟಿಗೆ ದುಡಿಯುವವರ ಕೈ ಕೊಂಚ ಬಲವಾಗಿದೆ ಎಂಬುದು ನನ್ನ ಅಭಿಪ್ರಾಯ.

ಹಿಂದೆ ಕೂಲಿ ಬಾಕಿಗೆ ಅರ್ಜಿ ಹಾಕಲು ಹನ್ನೆರಡು ತಿಂಗಳ ಗಡುವಿತ್ತು. ಕನಿಷ್ಠ ವೇತನದ ವ್ಯತ್ಯಾಸ ಕೇಳುವುದಾದರೆ ಆರೇ ತಿಂಗಳು. ಈಗ ಎರಡಕ್ಕೂ ಮೂರು ವರ್ಷ. ಸಕಾರಣವಿದ್ದರೆ ಆಮೇಲೂ ಅರ್ಜಿ ತೆಗೆದುಕೊಳ್ಳುವ ಅಧಿಕಾರ ಅದನ್ನು ವಿಚಾರಿಸುವ ಪ್ರಾಧಿಕಾರಿಗೆ ಇದೆ. ಹಿಂದಿನ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಈಗ ಆ ಮಿತಿಯಿಲ್ಲ. ಮೇಲ್ವಿಚಾರಕರು, ಮ್ಯಾನೇಜರುಗಳು, ತಾಂತ್ರಿಕ ಕೆಲಸದವರು, ಗುಮಾಸ್ತರು ಎಲ್ಲರೂ ಸಂಹಿತೆಯ ಉದ್ಯೋಗಿ ಎಂಬ ಅರ್ಥದೊಳಗೆ ಬರುತ್ತಾರೆ. ಸ್ಟಾರ್ಟ್‌ಅಪ್ ಒಂದರಲ್ಲಿ ಮೂರು ತಿಂಗಳು ಸಂಬಳ ಸಿಗದ ಇಂಜಿನಿಯರ್ ಕೂಡ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಬಹುದು. ಅದು ತಮ್ಮಂಥವರ ಜಾಗವಲ್ಲ ಎಂಬ ಸಂಕೋಚಕ್ಕೆ ಕಾರಣವೇ ಇಲ್ಲ. ಸೇನಾಪಡೆಯವರು ಮತ್ತು ಅಪ್ರೆಂಟಿಸ್‌ಗಳು ಮಾತ್ರ ಇದರ ಹೊರಗೆ.

ಕೂಲಿ ಯಾವಾಗ ಬಾಕಿ ಎನಿಸಿಕೊಳ್ಳುತ್ತದೆ ಎಂಬುದನ್ನೂ ಸಂಹಿತೆ ತಿಳಿಸಿದೆ. ದಿನಗೂಲಿಯಾದರೆ ಪಾಳಿ ಮುಗಿಯುವಾಗ ಕೊಡಬೇಕು. ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ. ಹದಿನೈದು ದಿನಕ್ಕೊಮ್ಮೆ ಆದರೆ ಅವಧಿ ಮುಗಿದ ಎರಡು ದಿನದೊಳಗೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ. ಕೆಲಸದಿಂದ ತೆಗೆದರೂ, ನೀವೇ ರಾಜೀನಾಮೆ ಕೊಟ್ಟರೂ, ಕಾರ್ಖಾನೆ ಬಾಗಿಲು ಹಾಕಿದರೂ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಆಗಬೇಕು. "ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟಿಗೆ ನಲವತ್ತೈದು ದಿನ ಬೇಕು" ಎಂಬುದು ಕಂಪನಿಗಳು ಹಾಕಿಕೊಂಡ ಪದ್ಧತಿ. ವೇತನದ ವಿಷಯದಲ್ಲಿ ಅದು ಕಾನೂನಿಗಿಂತ ಮೇಲಲ್ಲ.

ಬಾಕಿ ಎಂದರೆ ಪೂರ್ತಿ ಕೊಡದ ಸಂಬಳ ಮಾತ್ರವಲ್ಲ. ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿದ್ದರೆ ಆ ವ್ಯತ್ಯಾಸವೂ ಬಾಕಿಯೇ. ಹೆಚ್ಚುವರಿ ಗಂಟೆ ದುಡಿಸಿಕೊಂಡರೆ ದುಪ್ಪಟ್ಟು ದರ ಕೊಡಬೇಕು, ಕೊಡದಿದ್ದರೆ ಅದೂ ಬಾಕಿ. ಕಾರಣ ಹೇಳದೆ ಮುರಿದುಕೊಂಡ ಹಣವೂ ಬಾಕಿ. ಕಡಿಮೆ ಕೂಲಿಗೆ ನೀವೇ ಒಪ್ಪಿ ಸಹಿ ಹಾಕಿದ್ದಿರಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಸಂಹಿತೆಯ ಪ್ರಕಾರ ಬರಬೇಕಾದ ಹಣವನ್ನು ಬಿಟ್ಟುಕೊಡುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಗೆ ಸಮ ಎಂದಿತು.

ಸಣ್ಣ ಮೊತ್ತವೆಂದು ಬಿಡುವವರಿಗೆ ನಮ್ಮ ರಾಜ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಹೋರಾಟವನ್ನು ನೆನಪಿಸಬೇಕು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯನ್ನು ಸರ್ಕಾರ ಕೋವಿಡ್ ಕಾರಣ ಹೇಳಿ ಮುಂದೂಡಿತ್ತು. ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಸಂಘಟನೆಗಳು ಹೈಕೋರ್ಟಿಗೆ ಹೋದವು, ಕೊಡಬೇಕೆಂದು ಕೋರ್ಟ್ ಹೇಳಿತು. ಆಮೇಲೂ ಹಲವು ಕಾರ್ಖಾನೆಗಳು ಕೊಡದೆ ಕೂತವು. ಸಂಘಟನೆಗಳು ಬಿಡಲಿಲ್ಲ, ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡುಗಳವರೆಗೂ ವಿಷಯ ಒಯ್ದವು. ಕೊನೆಗೆ ದೊಡ್ಡ ರಫ್ತು ಸಂಸ್ಥೆಯೊಂದು 2022ರ ಆರಂಭದಲ್ಲಿ ಹಳೆಯ ಬಾಕಿ ಕೊಡತೊಡಗಿತು. ತಿಂಗಳಿಗೆ 417 ಎಂದರೆ ವರ್ಷಕ್ಕೆ ಐದು ಸಾವಿರ, ಒಂದು ಮಗುವಿನ ಶಾಲೆಯ ಖರ್ಚು.

ಗುರುತು ಕೂಡಿಡುವುದು

ಕೇಸು ನಿಲ್ಲುವುದೂ ಬೀಳುವುದೂ ಇಲ್ಲಿ. ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ.

ಸಂಬಳ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನ ಮೇಲೆ ಎಂದು ಸಂಹಿತೆಯ 59ನೇ ಕಲಂ ಹೇಳುತ್ತದೆ. ಕೂಲಿಯವರ ಪಾಲಿಗೆ ಇಡೀ ಕಾನೂನಿನಲ್ಲಿ ಇದಕ್ಕಿಂತ ದೊಡ್ಡ ಆಸರೆಯಿಲ್ಲ. ವೇತನ ಚೀಟಿ ಕೊಡಬೇಕಾದವರು, ಹಾಜರಿ ಮತ್ತು ವೇತನದ ಪುಸ್ತಕ ಇಡಬೇಕಾದವರು ಅವರೇ. ಪುಸ್ತಕ ಇಡಲಿಲ್ಲವೆಂದರೆ ಅದು ಅವರ ತಪ್ಪು. ಆದರೆ ಅದಕ್ಕೆ ಮೊದಲು ನೀವು ತೋರಿಸಬೇಕಾದ ಒಂದು ಸಂಗತಿ ಇದೆ: ಇವರ ಬಳಿ, ಇಂಥ ಜಾಗದಲ್ಲಿ, ಇಷ್ಟು ದಿನ ನಾನು ಕೆಲಸ ಮಾಡಿದ್ದೇನೆ ಎಂಬುದು. "ಈ ಮನುಷ್ಯ ನನ್ನ ಕೆಲಸಗಾರನೇ ಅಲ್ಲ" ಎಂಬುದು ಮಾಲೀಕರ ಮೊದಲ ಉತ್ತರ. ಅದನ್ನು ಮುರಿದರೆ ಅರ್ಧ ದಾರಿ ಸಾಗಿದಂತೆ.

ಮುರಿಯಲು ಏನೆಲ್ಲ ಬರುತ್ತದೆ? ಗೇಟ್ ಪಾಸ್, ಗುರುತಿನ ಚೀಟಿ, ಕಂಪನಿಯ ಹೆಸರಿರುವ ಸಮವಸ್ತ್ರ. ಮೇಸ್ತ್ರಿ ಹಾಜರಿ ಹಾಕುವ ಚೀಟಿಯ ಫೋಟೊ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ನಾಳೆ ಏಳಕ್ಕೆ ಬನ್ನಿ" ಎಂದು ಸೂಪರ್‌ವೈಸರ್ ಹಾಕಿದ ಸಂದೇಶ. ಫೋನ್‌ಪೇ, ಗೂಗಲ್‌ಪೇಯಲ್ಲಿ ಖರ್ಚಿಗೆಂದು ಕಳಿಸಿದ ಐನೂರು ರೂಪಾಯಿ. ಈ ಐನೂರು ಬಹಳ ಮುಖ್ಯ, ಏಕೆಂದರೆ ಗೊತ್ತೇ ಇಲ್ಲದವನಿಗೆ ಯಾರೂ ವಾರವಾರ ದುಡ್ಡು ಕಳಿಸುವುದಿಲ್ಲ. ಪಿಎಫ್ ಪಾಸ್‌ಬುಕ್ ಅಥವಾ ಇಎಸ್‌ಐ ದಾಖಲೆಯಲ್ಲಿ ಕಂಪನಿಯ ಹೆಸರಿದ್ದರೆ ವಾದವೇ ಮುಗಿಯಿತು. ಏನೂ ಇಲ್ಲದಿದ್ದರೆ ಜೊತೆಗೆ ದುಡಿದವರ ಸಾಕ್ಷಿ, ಎದುರಿನ ಚಹಾ ಅಂಗಡಿಯವರ ಸಾಕ್ಷಿಯೂ ಸಾಕ್ಷಿಯೇ.

ಫೋನ್ ಬದಲಾಯಿಸುವ ಮೊದಲು ಚಾಟ್ ಕಾಪಿಡಿ. ಸ್ಕ್ರೀನ್‌ಶಾಟ್ ಒಳ್ಳೆಯದೇ, ಆದರೆ ಮೂಲ ಸಂದೇಶ ಮೂಲ ಫೋನಿನಲ್ಲೇ ಉಳಿದಿದ್ದರೆ ಅದರ ತೂಕ ಬೇರೆ. ವಿಷಯ ಕೋರ್ಟಿನವರೆಗೆ ಹೋದಾಗ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ, ಆಗ ಯಾವ ಫೋನು ಎಂಬ ಪ್ರಶ್ನೆ ಬರುತ್ತದೆ. ಬಾಕಿ ಕೇಳುವಾಗಲೂ ಬರೀ ಕರೆ ಮಾಡಬೇಡಿ. "ಸರ್, ಆಗಸ್ಟ್ ತಿಂಗಳ 23,000 ಇನ್ನೂ ಬಂದಿಲ್ಲ, ಯಾವಾಗ ಕೊಡ್ತೀರಿ?" ಎಂದು ಬರೆದು ಕಳಿಸಿ. "ಮುಂದಿನ ವಾರ ನೋಡೋಣ" ಎಂಬ ಉತ್ತರ ಬಂದರೆ ಬಾಕಿ ಇರುವುದನ್ನು ಅವರೇ ಬರವಣಿಗೆಯಲ್ಲಿ ಒಪ್ಪಿಕೊಂಡಂತಾಯಿತು.

ಇನ್ನು ಒಂದು ನೂರುಪುಟದ ನೋಟ್‌ಬುಕ್. ತಾರೀಕು, ಸೈಟಿನ ಹೆಸರು, ಬಂದ ಹೊತ್ತು, ಹೋದ ಹೊತ್ತು, ಓಟಿ, ಕೈಗೆ ಬಂದ ಹಣ. ದಿನವೂ ಬರೆದಿಟ್ಟ ಪುಸ್ತಕಕ್ಕೆ ಪ್ರಾಧಿಕಾರಿಯ ಮುಂದೆ ಬೆಲೆ ಇದೆ. ಕೇಸು ಹಾಕುವ ಮುಂಚಿನ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದಿದ್ದಕ್ಕೆ ಇಲ್ಲ. ಓದು ಬರಹ ಬಾರದವರು ಮನೆಯ ಮಕ್ಕಳಿಂದ ಬರೆಸಬಹುದು.

ಖಾಲಿ ಕಾಗದಕ್ಕೆ, ಖಾಲಿ ವೋಚರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಕೆಲಸ ಬಿಡುವ ದಿನ ಎಷ್ಟೋ ಮಂದಿಯಿಂದ ಇದನ್ನು ಹಾಕಿಸಿಕೊಳ್ಳುತ್ತಾರೆ, ಆಮೇಲೆ ಅದೇ ಕಾಗದ ಪಾವತಿಯ ರಶೀದಿಯಾಗಿ ಎದುರಿಗೆ ಬರುತ್ತದೆ.

ಯಾರನ್ನು ಕೇಳುವುದು

ಮೇಸ್ತ್ರಿಯ ಮೇಲೆ ಉಪಗುತ್ತಿಗೆದಾರ, ಅವನ ಮೇಲೆ ಗುತ್ತಿಗೆದಾರ, ಅವನ ಮೇಲೆ ಕಂಪನಿ. ಕೂಲಿಯವರಿಗೆ ಗೊತ್ತಿರುವುದು ಮೇಸ್ತ್ರಿಯ ಹೆಸರು ಮಾತ್ರ, ಅದೂ ಅಡ್ಡಹೆಸರು. ಮೇಸ್ತ್ರಿ ಓಡಿಹೋದರೆ ಹಣವೂ ಹೋಯಿತೆಂದು ಕೈಚೆಲ್ಲುತ್ತಾರೆ. ಇದು ತಪ್ಪು ಲೆಕ್ಕ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಪ್ರಧಾನ ಮಾಲೀಕನೇ ಕೊಡಬೇಕು, ಕೊಟ್ಟು ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದ್ದ ಈ ನಿಯಮ ಹೊಸ ಸಂಹಿತೆಗಳಲ್ಲೂ ಉಳಿದಿದೆ. ಕೆಲಸ ಯಾರ ಕಟ್ಟಡದಲ್ಲಿ, ಯಾರ ಕಾರ್ಖಾನೆಯಲ್ಲಿ ನಡೆಯಿತೋ ಅವರು ಹೊಣೆಯಿಂದ ಕಳಚಿಕೊಳ್ಳುವಂತಿಲ್ಲ.

ಆದ್ದರಿಂದ ಕೆಲಸಕ್ಕೆ ಸೇರಿದ ಮೊದಲ ವಾರವೇ ಸೈಟಿನ ಮುಂದೆ ನಿಲ್ಲಿಸಿರುವ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಬಿಲ್ಡರ್ ಹೆಸರು, ಮಂಜೂರಾತಿ ವಿವರ ಇರುತ್ತದೆ. ಸರ್ಕಾರಿ ಕಾಮಗಾರಿಯಾದರೆ ಇಲಾಖೆ ಮತ್ತು ಗುತ್ತಿಗೆದಾರರ ಹೆಸರೂ ಇರುತ್ತದೆ. ಅರ್ಜಿಯಲ್ಲಿ ಮೇಸ್ತ್ರಿ, ಗುತ್ತಿಗೆದಾರ, ಕಂಪನಿ ಮೂವರನ್ನೂ ಎದುರುದಾರರಾಗಿ ಸೇರಿಸಿ. ಕಂಪನಿಗೆ ನೋಟಿಸ್ ಹೋದರೆ ಕಳೆದುಹೋಗಿದ್ದ ಮೇಸ್ತ್ರಿಯನ್ನು ಎಷ್ಟೋ ಸಲ ಕಂಪನಿಯವರೇ ಹುಡುಕಿ ತರುತ್ತಾರೆ.

ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದದ್ದು ನೆನಪಿರಬಹುದು. ಬಹಳಷ್ಟು ಹುಡುಗರು ಬೇರೆ ಬೇರೆ ಏಜೆನ್ಸಿಗಳ ಮೂಲಕ ಸೇರಿದ್ದರು. ಸಂಬಳ ಸರಿಯಾಗಿ ಬರುತ್ತಿಲ್ಲವೆಂಬ ಸಿಟ್ಟು ಗಾಜು ಒಡೆಯುವವರೆಗೆ ಹೋಯಿತು, ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಆಮೇಲೆ ಆಪಲ್ ಕಂಪನಿ ತಾನೇ ತನಿಖೆ ಮಾಡಿ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರ ಸಂಬಳ ತಡವಾದದ್ದು ನಿಜವೆಂದು ಹೇಳಿತು. ಕೂಲಿಯ ದೂರು ಸರಿಯಾಗಿತ್ತು, ಆದರೂ ಎಷ್ಟೋ ಹುಡುಗರು ಜೈಲು ಕಂಡರು. ಅಲ್ಲಿಯವರೆಗೆ ವಿಷಯ ಬೆಳೆಯದಂತೆ ದೂರನ್ನು ಮೊದಲೇ ಕೇಳಿಸಿಕೊಳ್ಳುವವರಿದ್ದಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಮೊದಲು ಒಂದು ಪತ್ರ

ಇಲಾಖೆಗೆ ಹೋಗುವ ಮುನ್ನ ಮಾಲೀಕರಿಗೆ ಒಂದು ಪತ್ರ ಕಳಿಸುವುದು ಒಳ್ಳೆಯದು. ಕಡ್ಡಾಯವಲ್ಲ, ಆದರೆ ಮುಂದೆ ಕೆಲಸಕ್ಕೆ ಬರುತ್ತದೆ. ಬಯ್ಗುಳ, ಬೆದರಿಕೆ ಬೇಡ, ಲೆಕ್ಕವಷ್ಟೇ ಸಾಕು. ಹೀಗೆ ಬರೆದರಾಯಿತು:

"ನಾನು ಜೂನ್ 3ರಿಂದ ಆಗಸ್ಟ್ 9ರವರೆಗೆ ನಿಮ್ಮ ಇಂಥ ಸೈಟಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದ್ದೇನೆ. ದಿನಕ್ಕೆ 800 ರೂಪಾಯಿ ಕೂಲಿ ಎಂದು ಮಾತಾಗಿತ್ತು. ಒಟ್ಟು 52 ದಿನಕ್ಕೆ 41,600 ರೂಪಾಯಿ ಆಗುತ್ತದೆ. ಅದರಲ್ಲಿ ಮುಂಗಡ 10,000 ಮತ್ತು ಖರ್ಚಿಗೆ ಕೊಟ್ಟ 8,000 ಕಳೆದು 23,600 ರೂಪಾಯಿ ಬಾಕಿ ಇದೆ. ಈ ಪತ್ರ ತಲುಪಿದ ಏಳು ದಿನದೊಳಗೆ ಕೆಳಗಿನ ಬ್ಯಾಂಕ್ ಖಾತೆಗೆ ಹಾಕಬೇಕು. ಇಲ್ಲದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ದೂರು ದಾಖಲಿಸುತ್ತೇನೆ."

ಪಡೆದ ಮುಂಗಡವನ್ನು ಮುಚ್ಚಿಡಬೇಡಿ. ಅದನ್ನು ನೀವೇ ಕಳೆದು ತೋರಿಸಿದರೆ ಉಳಿದ ಲೆಕ್ಕದ ಮೇಲೆ ನಂಬಿಕೆ ಬರುತ್ತದೆ. ಪತ್ರದ ಒಂದು ನಕಲು ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆ ರಶೀದಿಯನ್ನು ನಕಲಿಗೆ ಪಿನ್ ಮಾಡಿಡಿ. ಅದೇ ಪತ್ರದ ಫೋಟೊವನ್ನು ವಾಟ್ಸ್‌ಆ್ಯಪಿನಲ್ಲೂ ಹಾಕಿ. ಹಲವು ಪ್ರಕರಣಗಳು ಇಷ್ಟಕ್ಕೇ ಮುಗಿಯುತ್ತವೆ, ಏಕೆಂದರೆ ಕೂಲಿಯವನು ಲೆಕ್ಕ ಇಟ್ಟಿದ್ದಾನೆ ಎಂಬುದು ಆಗ ಮಾಲೀಕನಿಗೆ ತಿಳಿಯುತ್ತದೆ.

ಕಾರ್ಮಿಕ ಇಲಾಖೆಯಲ್ಲಿ

ಪ್ರತಿ ಜಿಲ್ಲೆಯಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ, ತಾಲ್ಲೂಕಿನಲ್ಲಿ ಕಾರ್ಮಿಕ ನಿರೀಕ್ಷಕರಿರುತ್ತಾರೆ. ಜನ ಅದನ್ನು ಲೇಬರ್ ಆಫೀಸ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ರೈಲ್ವೆ, ಬ್ಯಾಂಕ್, ವಿಮಾನ ನಿಲ್ದಾಣ, ಗಣಿ, ಕೇಂದ್ರ ಸರ್ಕಾರದ ಉದ್ಯಮಗಳು, ಇವುಗಳಲ್ಲಿ ಗುತ್ತಿಗೆಗೆ ದುಡಿದವರು ಮಾತ್ರ ರಾಜ್ಯದ ಕಚೇರಿ ಬಿಟ್ಟು ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಬಳಿ ಹೋಗಬೇಕು. ಈ ವ್ಯತ್ಯಾಸ ತಿಳಿಯದೆ ತಿಂಗಳುಗಟ್ಟಲೆ ಅಲೆದವರಿದ್ದಾರೆ. ದೂರು ಕೊಡಬೇಕಾದ ಜಾಗ ನಿಮ್ಮ ಊರಲ್ಲ, ಕೆಲಸ ನಡೆದ ಊರು. ಗೋವಾದಲ್ಲಿ ದುಡಿದ ಬಾಗಲಕೋಟೆಯವರು ಗೋವಾದಲ್ಲೇ ದೂರು ಕೊಡಬೇಕು, ಆದಷ್ಟು ಊರಿಗೆ ಹೊರಡುವ ಮೊದಲೇ.

ಇಲ್ಲಿ ಎರಡು ಹಂತಗಳಿವೆ. ಮೊದಲನೆಯದು ದೂರು. ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಎಂಬ ಹೆಸರು ಪಡೆದಿರುವ ನಿರೀಕ್ಷಕರು ಎರಡೂ ಕಡೆಯವರನ್ನು ಕರೆಸಿ ಮಾತಾಡುತ್ತಾರೆ, ದಾಖಲೆ ಕೇಳುತ್ತಾರೆ. ಸಣ್ಣ ಬಾಕಿಗಳು ಇಲ್ಲೇ ಇತ್ಯರ್ಥವಾಗುವುದುಂಟು. ಆದರೆ "ಕರೆಸಿದ್ದೀವಿ, ಬರ್ತಾ ಇಲ್ಲ" ಎಂಬ ಮಾತಿನಲ್ಲೇ ಹಂತ ಮುಗಿಯದೆ ಎಳೆಯುತ್ತಿದ್ದರೆ ಕಾಯುತ್ತಾ ಕೂರಬೇಡಿ. ಎರಡನೆಯದು ಪ್ರಾಧಿಕಾರಿಯ ಮುಂದೆ ಕ್ಲೇಮು ಅರ್ಜಿ. ಇದು ಸಂಹಿತೆಯ 45ನೇ ಕಲಮಿನ ಪ್ರಕ್ರಿಯೆ. ಗೆಜೆಟೆಡ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಪ್ರಾಧಿಕಾರಿಯಾಗಿರುತ್ತಾರೆ. ಸಾಕ್ಷಿ ಕರೆಸುವುದಕ್ಕೆ, ದಾಖಲೆ ತರಿಸುವುದಕ್ಕೆ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ. ಪ್ರತಿ ಕೇಸಿನಲ್ಲೂ ಹತ್ತು ಪಟ್ಟು ಸಿಗುವುದಿಲ್ಲ, ಆದರೆ ಕೇಳದವರಿಗೆ ಒಂದು ಪಟ್ಟೂ ಸಿಗದು. ಆದ್ದರಿಂದ ಅರ್ಜಿಯಲ್ಲಿ ಪರಿಹಾರವನ್ನು ಬೇರೆಯಾಗಿ, ಸ್ಪಷ್ಟವಾಗಿ ಕೇಳಿ.

ಅರ್ಜಿಯನ್ನು ನೀವೇ ಹಾಕಬಹುದು, ನೀವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘ ಹಾಕಬಹುದು, ನಿರೀಕ್ಷಕರೂ ಹಾಕಬಹುದು. ಒಂದೇ ಕಡೆ ದುಡಿದವರು ಎಷ್ಟೇ ಮಂದಿಯಿದ್ದರೂ ಒಂದೇ ಅರ್ಜಿ ಸಾಕು. ಸಾಧ್ಯವಿದ್ದರೆ ಒಟ್ಟಾಗಿಯೇ ಹಾಕಿ. ಒಬ್ಬನಿಗೆ ಐದು ಸಾವಿರ ಕೊಟ್ಟು ಬಾಯಿ ಮುಚ್ಚಿಸಿದಂತೆ ಹದಿನೈದು ಜನರನ್ನು ಮುಚ್ಚಿಸಲಾಗದು. ಒಬ್ಬರ ಹಾಜರಿಗೆ ಇನ್ನೊಬ್ಬರು ಸಾಕ್ಷಿಯಾಗುತ್ತಾರೆ, ದಿನ ಬಿಟ್ಟು ದಿನ ಕಚೇರಿಗೆ ಬರುವ ಹೊರೆಯನ್ನೂ ಹಂಚಿಕೊಳ್ಳಬಹುದು. ಅರ್ಜಿಯಲ್ಲಿ ಕಲಮು, ಕಾಯ್ದೆಯ ಹೆಸರು ತಪ್ಪಾದರೆ ಹೆದರಬೇಕಿಲ್ಲ, ಸಂಗತಿ ಮತ್ತು ಲೆಕ್ಕ ಸರಿಯಿರಲಿ. ಸಲ್ಲಿಸಿದ ಪ್ರತಿ ಕಾಗದಕ್ಕೂ ಮುದ್ರೆ, ತಾರೀಕು ಇರುವ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

ಮಾಲೀಕರ ಕಡೆಯಿಂದ ಬರುವ ವಾದಗಳು ಹೆಚ್ಚು ಬಗೆಯವಲ್ಲ. ನಗದು ಕೊಟ್ಟಿದ್ದೇನೆ ಎನ್ನುತ್ತಾರೆ. ಹಾಗಾದರೆ ವೇತನ ಪುಸ್ತಕ ಹಾಜರುಪಡಿಸಲು ಆದೇಶಿಸಿ ಎಂದು ಪ್ರಾಧಿಕಾರಿಯನ್ನು ಕೇಳಿ. ಯಂತ್ರ ಕೆಡಿಸಿದ, ಸಾಮಾನು ಕಳೆದ, ಅದಕ್ಕೆ ಮುರಿದುಕೊಂಡೆ ಎನ್ನುತ್ತಾರೆ. ನಷ್ಟಕ್ಕೆ ಹಣ ಮುರಿಯುವ ಮೊದಲು ಕೆಲಸಗಾರನ ವಿವರಣೆ ಕೇಳಲೇಬೇಕು, ದಂಡ ಹಾಕುವುದಾದರೂ ಸಂಬಳದ ಶೇಕಡಾ 3ನ್ನು ದಾಟುವಂತಿಲ್ಲ, ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರುವಂತಿಲ್ಲ. ಹೇಳದೆ ಕೇಳದೆ ಕೆಲಸ ಬಿಟ್ಟ ಎನ್ನುತ್ತಾರೆ. ಬಿಟ್ಟರೂ ದುಡಿದ ದಿನಗಳ ಕೂಲಿ ದುಡಿದವನದೇ. ನೋಟಿಸ್ ಅವಧಿಯ ಹಣ ಕಡಿತ ಮಾಡಿದ್ದೇವೆ ಎಂದರೆ ನೇಮಕಾತಿ ಪತ್ರದಲ್ಲಿ ಅಂಥ ಶರತ್ತು ನಿಜಕ್ಕೂ ಇದೆಯೇ ನೋಡಿ. ಕೆಲಸದಿಂದ ಅನ್ಯಾಯವಾಗಿ ತೆಗೆದಿದ್ದಾರೆ ಎಂಬ ದೂರು ಬೇರೆ ದಾರಿಯದು. ಅದನ್ನು ಬಾಕಿಯ ಅರ್ಜಿಯೊಳಗೆ ಹೆಣೆದರೆ ಎರಡೂ ಗೋಜಲಾಗುತ್ತವೆ.

ನಡುವೆ ರಾಜಿಯ ಮಾತು ಬರುತ್ತದೆ. ರಾಜಿ ಕೆಟ್ಟದ್ದಲ್ಲ, ಮನೆ ನಡೆಯಬೇಕಾದವರಿಗೆ ಇಂದಿನ ಹದಿನೆಂಟು ಸಾವಿರ ಮುಂದಿನ ವರ್ಷದ ಇಪ್ಪತ್ಮೂರಕ್ಕಿಂತ ಮೇಲಾಗಿರಬಹುದು. ಆದರೆ ರಾಜಿ ಅಧಿಕಾರಿಯ ಮುಂದೆ, ಬರವಣಿಗೆಯಲ್ಲಿ ಆಗಲಿ. ಕೊನೆಯ ಕಂತು ಖಾತೆಗೆ ಬಿದ್ದ ಮೇಲಷ್ಟೇ ದೂರು ಹಿಂಪಡೆಯಿರಿ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಮಾಲೀಕರೇ ನಿಮಗೊಂದು ಹೊಸ ಅಸ್ತ್ರ ಕೊಟ್ಟಂತೆ. ಬ್ಯಾಂಕಿನಿಂದ ಮಾಹಿತಿ ಬಂದ ಮೂವತ್ತು ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಹದಿನೈದು ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು. ಈ ದಿನಗಳ ಲೆಕ್ಕ ತಪ್ಪಿದರೆ ಕೇಸು ತಪ್ಪುತ್ತದೆ.

ಆದೇಶ ಬಂದ ಮೇಲೆ

ನೂರಾರು ಮಂದಿ ಸೋಲುವ ಜಾಗ ಇದು. ಆದೇಶ ಕೈಗೆ ಬಂತು, ಗೆದ್ದೆವು ಎಂದು ಊರಿಗೆ ಹೋಗುತ್ತಾರೆ. ಮಾಲೀಕ ಹಣ ಕಟ್ಟುವುದಿಲ್ಲ. ಆದೇಶ ಕಾಗದವಾಗಿಯೇ ಉಳಿಯುತ್ತದೆ.

ಮಾಲೀಕ ಹಣ ಕಟ್ಟದಿದ್ದರೆ ಪ್ರಾಧಿಕಾರಿ ಜಿಲ್ಲಾಧಿಕಾರಿಗೆ ವಸೂಲಾತಿ ಪ್ರಮಾಣಪತ್ರ ಕಳಿಸಬೇಕು. ಜಿಲ್ಲಾಧಿಕಾರಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬೇಕು, ಅಂದರೆ ತಹಶೀಲ್ದಾರರು ನೋಟಿಸ್ ಕೊಟ್ಟು, ಚರಾಸ್ತಿ ಸ್ಥಿರಾಸ್ತಿ ಜಪ್ತಿ ಮಾಡಿ, ಬೇಕಾದರೆ ಹರಾಜು ಹಾಕಬಹುದು. ಅಧಿಕಾರ ದೊಡ್ಡದು. ಆದರೆ ತಾಲ್ಲೂಕು ಕಚೇರಿಯ ಕಡತಗಳ ನಡುವೆ ಕೂಲಿಯವರ ಕಡತ ತಾನಾಗಿ ಮೇಲೇಳುವುದಿಲ್ಲ. ವಸೂಲಾತಿ ಪತ್ರದ ಸಂಖ್ಯೆ, ತಾರೀಕು ಬರೆದುಕೊಳ್ಳಿ. ಮಾಲೀಕನ ಬ್ಯಾಂಕ್ ಖಾತೆ, ವಾಹನ, ನಿವೇಶನದ ವಿವರ ಗೊತ್ತಿದ್ದರೆ ತಹಶೀಲ್ದಾರರಿಗೆ ಬರೆದು ಕೊಡಿ. ನಿಮಗೆ ಬಂದ ಹಳೆಯ ಸಂಬಳದ ವಿವರದಲ್ಲೇ ಕಂಪನಿಯ ಬ್ಯಾಂಕಿನ ಹೆಸರು ಇರಬಹುದು. ಕಡತ ಅಲುಗಾಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ: ಈ ಪತ್ರ ಯಾವ ದಿನ ಬಂತು, ಏನು ಕ್ರಮ ತೆಗೆದುಕೊಂಡಿರಿ, ಕಡತ ಈಗ ಯಾರ ಮೇಜಿನ ಮೇಲಿದೆ? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು, ಬಿಪಿಎಲ್ ಕಾರ್ಡ್ ಇರುವವರಿಗೆ ಶುಲ್ಕವಿಲ್ಲ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ದಾಖಲಿಸಬಹುದು.

ಆದೇಶ ನಿಮ್ಮ ವಿರುದ್ಧವಾದರೆ ತೊಂಬತ್ತು ದಿನದೊಳಗೆ ಮೇಲ್ಮನವಿ ಇದೆ. ಬಾಕಿ ಕೊಡದ ಮಾಲೀಕನಿಗೆ ಬೇರೆಯಾಗಿ 50,000 ರೂಪಾಯಿವರೆಗೆ ದಂಡವಿದೆ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿ ಶಿಕ್ಷೆಗೊಳಗಾದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಕಂಪನಿಯೇ ಮುಳುಗಿದರೆ, ಪೊಲೀಸರ ಬಳಿ ಹೋಗಬೇಕಾದರೆ

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಕಾರ್ಮಿಕ ಇಲಾಖೆಯ ದಾರಿ ಸಾಗುವುದಿಲ್ಲ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ನೇಮಿಸಿದ ಅಧಿಕಾರಿಯ ಬಳಿ ನಿಮ್ಮ ಬಾಕಿಯ ಕ್ಲೇಮು ದಾಖಲಿಸಬೇಕು, ಇದಕ್ಕೆ ಗಡುವಿರುತ್ತದೆ, ಪತ್ರಿಕಾ ಪ್ರಕಟಣೆ ನೋಡುತ್ತಿರಿ. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪನಿಯ ಆಸ್ತಿ ಮಾರುವ ಹಂತ ಬಂದಾಗ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ ಅಡಮಾನ ಹಿಡಿದ ಬ್ಯಾಂಕುಗಳ ಸಾಲದ ಜೊತೆ ಸಮನಾಗಿ ನಿಲ್ಲುತ್ತದೆ. ಇತರ ನೌಕರರಿಗೆ 12 ತಿಂಗಳ ಬಾಕಿಗೆ ಅದರ ನಂತರದ ಸ್ಥಾನ. ಪಿಎಫ್, ಗ್ರಾಚ್ಯುಟಿ ನಿಧಿಯ ಹಣ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯೊಳಗೆ ಬರುವುದೇ ಇಲ್ಲ.

ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಎನ್ನುತ್ತಾರೆ. ಬರಿಯ ಬಾಕಿಯ ಮಟ್ಟಿಗೆ ಅದು ಹೆಚ್ಚಾಗಿ ಸರಿಯೇ. ಆದರೆ ನಿಮ್ಮ ಸಂಬಳದಿಂದ ಪಿಎಫ್ ಮುರಿದು ಖಾತೆಗೆ ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಮುಂಗಡ ತೀರಿಲ್ಲವೆಂದು ಇಟ್ಟಿಗೆ ಭಟ್ಟಿ, ಕಬ್ಬಿನ ಗದ್ದೆ, ಕ್ವಾರಿಗಳಲ್ಲಿ ಹೊರಗೆ ಬಿಡದೆ ದುಡಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಆ ಮುಂಗಡದ ಸಾಲವೇ ರದ್ದು. ಅಂಥ ಕಡೆ ಕೂಲಿಯ ಲೆಕ್ಕ ಆಮೇಲೆ, ಮೊದಲು ಜನರನ್ನು ಬಿಡಿಸಬೇಕು. ಪೊಲೀಸರ ಜೊತೆಗೆ ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗೆ ತಿಳಿಸಿ.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದವರಿಗೂ ಒಂದು ಮಾತು. ಅಲ್ಲಿ ಸಂಬಳ ನಿಂತಾಗ ಟಿಕೆಟ್ ಕೊಟ್ಟು ಮನೆಗೆ ಕಳಿಸುವ ಆಸೆ ತೋರಿಸುತ್ತಾರೆ. ವಿಮಾನ ಹತ್ತಿದ ಮೇಲೆ ಇಲ್ಲಿಂದ ವಸೂಲಿ ಬಹಳ ಕಷ್ಟ. ಹೊರಡುವ ಮೊದಲೇ ಅಲ್ಲಿನ ಕಾರ್ಮಿಕ ಕಚೇರಿಯಲ್ಲಿ ದೂರು ದಾಖಲಿಸಿ, ನಂಬಿಕೆಯ ಒಬ್ಬರಿಗೆ ಭಾರತೀಯ ರಾಯಭಾರ ಕಚೇರಿಯ ದೃಢೀಕರಣವಿರುವ ಮುಖ್ತ್ಯಾರ್‌ನಾಮೆ ಕೊಟ್ಟು ಬನ್ನಿ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲೂ ದೂರು ಹಾಕಿ.

ವಕೀಲರು ಬೇಕೆನಿಸಿದರೆ ಫೀಸಿಗಾಗಿ ಸಾಲ ಮಾಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಕರ್ನಾಟಕ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಸಂಬಳ ಬರಬೇಕಿದ್ದ ದಿನ ದಾಟಿದ್ದರೆ ಮೂರು ವರ್ಷದ ಗಡುವಿದೆಯಲ್ಲ ಎಂದು ಕಾಯಬೇಡಿ. ಹಾಜರಿ ಚೀಟಿ, ಬ್ಯಾಂಕ್ ಪಾಸ್‌ಬುಕ್, ವಾಟ್ಸ್‌ಆ್ಯಪ್ ಸಂದೇಶಗಳ ಪ್ರಿಂಟ್ ಹಿಡಿದುಕೊಂಡು ಜೊತೆಗೆ ದುಡಿದ ಇನ್ನಿಬ್ಬರನ್ನು ಕರೆದುಕೊಂಡು ಈ ವಾರವೇ ಲೇಬರ್ ಆಫೀಸಿಗೆ ಹೋಗಿ.